ಮುಟ್ಟಾಳೆ ಯಾರ ತಲೆಗೆ

ನನಗೆ ಹೊಟ್ಟೆಕಿಚ್ಚು. ಎಂಟು ವರ್ಷದ ಒಬ್ಬ ಹುಡುಗನ ಮೇಲೆ. ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ. ನಾಚಿಕೆಪಡಬೇಕಾದವರು ಬೇರೆ ಇದ್ದಾರೆ.

ಹುಡುಗನ ಹೆಸರು ಸಮ್ಮೇದ್. ಶಿರ್ತಾಡಿಯಿಂದ ಸ್ವಲ್ಪ ಒಳಗೆ ನಮ್ಮ ಊರು. ಊರಿನ ಶಾಲೆಯನ್ನು ನಡೆಸುವವರು ಚಂದ್ರರಾಜ ಧಣಿಗಳು. ಸಮ್ಮೇದ್ ಅವರ ಒಬ್ಬನೇ ಮೊಮ್ಮಗ. ಅವನನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬೆಳಿಗ್ಗೆ ಅವರ ಮನೆಗೆ ಹೋಗಿ ಅವನಿಗೆ ಸ್ನಾನ ಮಾಡಿಸುತ್ತೇನೆ. ಶಾಲೆಗೆ ಕರೆದುಕೊಂಡು ಹೋಗುತ್ತೇನೆ. ಅವನು ಬೆಂಚಿನಲ್ಲಿ ಕೂರುತ್ತಾನೆ, ನಾನು ಪಕ್ಕದಲ್ಲಿ ನೆಲದ ಮೇಲೆ. ಅವನು ಓಡಿದರೆ ಹಿಂದೆ ಓಡುತ್ತೇನೆ. ಚಡ್ಡಿಯಲ್ಲಿ ಮಾಡಿಕೊಂಡರೆ ತೊಳೆಯುತ್ತೇನೆ. ಕಚ್ಚಿದರೆ ಕಚ್ಚಿಸಿಕೊಳ್ಳುತ್ತೇನೆ. ನನ್ನ ಎಡಗೈಯಲ್ಲಿ ಅವನ ಹಲ್ಲಿನ ಹಳೆಯ ಗುರುತು ಮಾಸುವ ಮೊದಲೇ ಹೊಸದು ಮೂಡುತ್ತದೆ.

ಅವನು ಕೆಟ್ಟ ಹುಡುಗ ಅಲ್ಲ. ಅವನಿಗೆ ಶಬ್ದ ಆಗುವುದಿಲ್ಲ. ಒಂದು ಚಮಚ ಕೆಳಗೆ ಬಿದ್ದರೂ ಅವನಿಗೆ ಗರ್ನಾಲು ಸಿಡಿದ ಹಾಗೆ. ಅಂಗಿಯ ಕಾಲರಿನ ಒಳಗಿನ ಲೇಬಲ್ ಅವನ ಕುತ್ತಿಗೆಗೆ ಮುಳ್ಳು. ಅನ್ನಕ್ಕೆ ಸಾಂಬಾರು ತಾಗಿದರೆ ಬಟ್ಟಲು ಹಾರುತ್ತದೆ. ಮಾತು ಬೆರಳೆಣಿಕೆಯಷ್ಟು, ಅದೂ ಅವನಿಗೆ ಬೇಕಾದಾಗ. ಮಂಗಳೂರಿನ ಡಾಕ್ಟರು ಇದಕ್ಕೆ ಆಟಿಸಂ ಎಂದು ಹೆಸರು ಹೇಳಿದರು. ಹೆಸರು ಬಂದ ದಿನ ಅವನ ತಾಯಿ ಅಕ್ಷಯಕ್ಕ ತುಂಬಾ ಅತ್ತರಂತೆ. ಆಮೇಲೆ ಆ ಹೆಸರು ಮನೆಯ ತುಂಬ ಓಡಾಡಿ ಕೆಲಸ ಮಾಡಿತು. ಬಾಗಿಲಿನ ಕರೆಗಂಟೆ ಕಿತ್ತರು. ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿ ನಿಂತಿತು. ಅಂಗಿಗಳ ಲೇಬಲ್‌ಗಳನ್ನೆಲ್ಲ ಕತ್ತರಿಸಿದ್ದಾಯಿತು. ಕತ್ತರಿಸಿದವಳು ನಾನೇ. ಶಾಲೆಯ ಇಂಗ್ಲಿಷ್ ಮೀಡಿಯಂ ಕಟ್ಟಡದಲ್ಲಿ ಗಂಟೆ ಬಾರಿಸುವುದು ನಿಂತು ಟೀಚರು ಕೈ ಎತ್ತಿ ತೋರಿಸುವುದು ಶುರುವಾಯಿತು. ಅವನ ಕಿವಿಗೆ ನೀಲಿ ಬಣ್ಣದ ದಪ್ಪ ಹೆಡ್‌ಫೋನು ಬಂತು, ಹಾಡು ಕೇಳುವುದಲ್ಲ, ಶಬ್ದ ತಡೆಯುವುದು. ವಾರಕ್ಕೆ ಎರಡು ಸಲ ಕಾರಿನಲ್ಲಿ ಮೂಡಬಿದಿರೆಯ ಥೆರಪಿ ಸೆಂಟರಿಗೆ ಹೋಗುತ್ತೇವೆ. ಅಲ್ಲಿ ಬಟ್ಟೆಯ ಉಯ್ಯಾಲೆ, ಬಣ್ಣದ ಚೆಂಡು, ಮೈ ತಿಕ್ಕುವ ಮೆತ್ತನೆಯ ಬ್ರಷ್. ಅಲ್ಲಿನ ಹುಡುಗಿ ಅವನ ಮುಂದೆ ಮಂಡಿಯೂರಿ, "ಸಮ್ಮೇದ್, ಇವತ್ತು ನಿಂಗೆ ಹೇಗುಂಟು?" ಎಂದು ಕೇಳುತ್ತಾಳೆ. ಕೇಳಿ ಸುಮ್ಮನೆ ಕಾಯುತ್ತಾಳೆ. ಉತ್ತರ ಬರುವವರೆಗೆ ಕಾಯುತ್ತಾಳೆ.

ಉಯ್ಯಾಲೆಯ ಮೇಲೆ ನನಗೆ ಹೊಟ್ಟೆಕಿಚ್ಚು ಇದೆ. ಕಾರಿನ ಮೇಲೂ ಇದೆ. ಆದರೆ ಆ ಹುಡುಗಿ ಕಾಯುತ್ತಾಳಲ್ಲ, ಅದರ ಮೇಲೆ ಇದ್ದಷ್ಟು ಬೇರೆ ಯಾವುದರ ಮೇಲೂ ಇಲ್ಲ.

ಯಾಕೆಂದರೆ ನನ್ನ ಮಗಳು ಅಶ್ವಿತಾಳಿಗೂ ಎಂಟು ವರ್ಷ. ಅವಳಿಗೂ ಶಬ್ದ ಆಗುವುದಿಲ್ಲ. ಅವಳೂ ಅನ್ನ ಬೇರೆ, ಸಾಂಬಾರು ಬೇರೆ ತಿನ್ನುವವಳು. ಹೊಸ ಅಂಗಿ ಹಾಕಿದರೆ ಮೈಗೆ ಕಂಬಳಿಹುಳ ಬಿದ್ದವಳ ಹಾಗೆ ಕುಣಿಯುತ್ತಾಳೆ. ಮಾತು ಸಮ್ಮೇದನಿಗಿಂತ ನಾಲ್ಕು ಹೆಚ್ಚೇ. ಎಲ್ಲರ ಮನೆಯ ದೋಸೆಯೂ ತೂತು ಎನ್ನುತ್ತಾರೆ. ಇರಬಹುದು. ಆದರೆ ಅವರ ಮನೆಯ ತೂತಿಗೆ ಒಂದು ಹೆಸರಿದೆ, ನಮ್ಮ ಮನೆಯದಕ್ಕೆ ಬೈಗುಳ ಮಾತ್ರ. ಸೊಕ್ಕು. ಹಠ. ಮಂಡೆ ಸಮ ಇಲ್ಲ. ಕಾಲನಿಯ ಮಕ್ಕಳು ಇಷ್ಟೇ.

ನಮ್ಮ ಕಾಲನಿಯವರೂ ಏನು ಕಮ್ಮಿ ಇಲ್ಲ. ನನ್ನ ಗಂಡ ಡೊಂಬಯ್ಯನ ತಂಗಿ ಮದುವೆಯಾಗದೆ ಸತ್ತಿದ್ದಳು. ಅವಳ ಕುಲೆ, ಅಂದರೆ ಪ್ರೇತ, ಮಗುವನ್ನು ಹಿಡಿದಿದೆ ಎಂದರು. ಸತ್ತವಳಿಗೆ ಒಬ್ಬ ಸತ್ತ ಗಂಡನ್ನು ಹುಡುಕಿ ಮದುವೆ ಮಾಡಿಸಿದೆವು. ಸೀರೆ, ಬಳೆ, ಕೋಳಿಯ ಊಟ ಎಲ್ಲವೂ ಆಯಿತು. ಡೋಲಿನ ಶಬ್ದಕ್ಕೆ ಹೆದರಿ ಮಂಚದ ಅಡಿಗೆ ಹೋದ ಅಶ್ವಿತಾ ಮರುದಿನ ಹೊರಗೆ ಬಂದಳು. ಬಂದವಳು ಮೊದಲಿನ ಹಾಗೆಯೇ ಇದ್ದಳು. ಸತ್ತವರ ಸಂಸಾರ ಹೇಗಿದೆಯೋ ನನಗೆ ಗೊತ್ತಿಲ್ಲ.

ಸರ್ಕಾರಿ ಆಸ್ಪತ್ರೆಗೂ ಹೋದೆ. ಡಾಕ್ಟರು ಅವಳ ಕಿವಿಗೆ ಟಾರ್ಚು ಬಿಟ್ಟು, "ಕಿವಿ ಸರಿ ಉಂಟಲ್ಲ ಮಾರಾಯ್ತಿ" ಎಂದರು. ಹೆಚ್ಚು ತಿಳಿಯಬೇಕಾದರೆ ಮಂಗಳೂರಿಗೆ ಹೋಗು ಎಂದರು. ಮಂಗಳೂರಿಗೆ ಹೋಗಬೇಕಾದರೆ ನಾನು ರಜೆ ಮಾಡಬೇಕು. ನಾನು ರಜೆ ಮಾಡಿದರೆ ಸಮ್ಮೇದ್ ಬೇರೆಯವರ ಕೈಯಲ್ಲಿ ಊಟ ಮಾಡುವುದಿಲ್ಲ. "ಬರುವ ವಾರ ಹೋಗು ಬಾಗಿ" ಎಂದರು ಅಕ್ಷಯಕ್ಕ. ಆ ಬರುವ ವಾರ ಇನ್ನೂ ಬಂದಿಲ್ಲ.

ಕೊನೆಗೆ ಉಪಾಯ ಕಂಡುಕೊಂಡವಳು ಅಶ್ವಿತಾಳೇ. ನನ್ನ ಮಾವ ಹುಕ್ರಪ್ಪ ಮುಟ್ಟಾಳೆ ಹಾಕುವವರು. ಅಡಿಕೆಯ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮಡಚಿ, ಹೊಲಿದು ಮಾಡುವ ಟೊಪ್ಪಿ. ನಮ್ಮಲ್ಲಿ ಗದ್ದೆಗೆ ಇಳಿಯುವವರು, ಹೊರೆ ಹೊರುವವರು ಎಲ್ಲ ಹಾಕುತ್ತಿದ್ದದ್ದು. ಈಗ ಹಾಕುವವರು ಕಮ್ಮಿ. ಮಾವ ಮಾತ್ರ ಬಿಟ್ಟಿಲ್ಲ. ಒಂದು ದಿನ ಪಕ್ಕದ ಕೋರೆಯಲ್ಲಿ ಕೆಂಪುಕಲ್ಲು ಕೊಯ್ಯುವ ಮಿಷನ್ನು ಶುರುವಾಯಿತು. ಅಶ್ವಿತಾ ಕೂಗುತ್ತ ಓಡಿಹೋಗಿ ಅಜ್ಜನ ತಲೆಯಿಂದ ಮುಟ್ಟಾಳೆ ಕಿತ್ತು ತನ್ನ ತಲೆಗೆ ಹಾಕಿ, ಎರಡು ಕೈಯಿಂದ ಕಿವಿಯ ಕೆಳಗಿನವರೆಗೆ ಎಳೆದುಕೊಂಡಳು. ಕೂಗು ನಿಂತಿತು. ಮಿಷನ್ನು ಓಡುತ್ತಲೇ ಇತ್ತು, ಅವಳು ಜಗಲಿಯಲ್ಲಿ ಕೂತು ಕಾಲು ಆಡಿಸುತ್ತಿದ್ದಳು. ಮಾವ ಅವಳನ್ನು ತುಂಬ ಹೊತ್ತು ನೋಡಿದರು. ಮರುದಿನ ಅವಳ ತಲೆಯ ಅಳತೆಗೆ ಒಂದು ಆಳದ ಮುಟ್ಟಾಳೆ ಹೊಲಿದು, ಒಳಗೆ ಹಳೆಯ ಪಂಚೆಯ ತುಂಡು ಇಟ್ಟು ಕೊಟ್ಟರು.

ಅದನ್ನು ಹಾಕಿಕೊಂಡು ಅವಳು ಶಾಲೆಗೆ ಹೋದಳು. ಶಾಲೆಗೆ ಒಂದೇ ಅಂಗಳ, ಎರಡು ಕಟ್ಟಡ. ಒಂದು ಇಂಗ್ಲಿಷ್ ಮೀಡಿಯಂ, ಟೈಲ್ಸ್ ಹಾಕಿದ್ದು. ಮೈದಾನದ ಆಚೆ ಬದಿಯಲ್ಲಿ ಕನ್ನಡ ಮೀಡಿಯಂ, ಶೀಟಿನ ಮಾಡಿನದ್ದು. ಅಲ್ಲಿ ಮಳೆ ಬಂದರೆ ಮಾಸ್ಟ್ರ ಮಾತು ಮಕ್ಕಳಿಗೆ ಕೇಳುವುದಿಲ್ಲ. ಅಲ್ಲಿ ಇವತ್ತಿಗೂ ಕಬ್ಬಿಣದ ಹಲಗೆಗೆ ಸುತ್ತಿಗೆಯಿಂದ ಹೊಡೆದೇ ಗಂಟೆ ಬಾರಿಸುವುದು. ಮುಟ್ಟಾಳೆ ಬರುವ ಮೊದಲು ಅಶ್ವಿತಾ ಗಂಟೆಗೊಂದು ಸಲ ಬೆಂಚಿನ ಅಡಿಗೆ ಹೋಗುತ್ತಿದ್ದಳು. ಬಂದ ಮೇಲೆ ಕೂತಳು. ಬರೆದಳು. ಮಳೆಗಾಲ ಮುಗಿಯುವುದರೊಳಗೆ ತನ್ನ ಹೆಸರು ಬರೆಯಲು ಕಲಿತಳು. ಮನೆಯ ಗೋಡೆಯ ತುಂಬ ಇದ್ದಿಲಿನಲ್ಲಿ ಅಶ್ವಿತಾ, ಅಶ್ವಿತಾ, ಅಶ್ವಿತಾ. ನಾನು ಒರೆಸಲಿಲ್ಲ. ಸಮ್ಮೇದನಿಗೆ ಇನ್ನೂ ಹೆಸರು ಬರೆಯಲು ಬರುತ್ತಿರಲಿಲ್ಲ. ಆ ಒಂದು ವಿಷಯದಲ್ಲಿ ನನ್ನ ಹೊಟ್ಟೆ ತಣ್ಣಗಿತ್ತು.

ಅದು ಹೆಚ್ಚು ದಿನ ಉಳಿಯಲಿಲ್ಲ.

ಆ ದಿನ ನಾನು ಸಮ್ಮೇದನ ಪಕ್ಕ ನೆಲದಲ್ಲಿ ಕೂತಿದ್ದೆ. ಮೈದಾನದ ಆಚೆಯಿಂದ ಕೂಗು ಕೇಳಿತು. ಯಾರದೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಸಮ್ಮೇದನಿಗೂ ಕೇಳಿತು. ಅವನ ಮುಖ ಬಿಗಿಯಾಯಿತು. ಹೆಡ್‌ಫೋನು ಬೆಂಚಿನ ಮೇಲಿತ್ತು. "ಬಾಗಿ, ಬೇಗ ಅವನ ಕಿವಿಗೆ ಹಾಕು" ಎಂದರು ಟೀಚರು. ಹಾಕಿದೆ. ಹಾಕಿ ಮೇಲಿನಿಂದ ಎರಡು ಕೈಯಿಂದ ಒತ್ತಿ ಹಿಡಿದೆ. ಆಚೆ ನನ್ನ ಮಗಳು ಕೂಗುತ್ತಿದ್ದಳು. ಈಚೆ ಆ ಕೂಗು ಅವನಿಗೆ ಕೇಳದ ಹಾಗೆ ನಾನು ಅವನ ಕಿವಿ ಮುಚ್ಚಿದ್ದೆ. ನನ್ನ ಕಿವಿ ಮುಚ್ಚಲು ನನಗೆ ಕೈ ಉಳಿದಿರಲಿಲ್ಲ. ಬಿಟ್ಟು ಓಡಬೇಕಿತ್ತು. ಓಡಲಿಲ್ಲ. ಸಮ್ಮೇದ್ ತಲೆಯನ್ನು ನನ್ನ ಎದೆಗೆ ಒತ್ತಿದ. ಆ ತಲೆಯ ಭಾರ ನನಗೆ ಇಷ್ಟ. ಆ ಕ್ಷಣ ಅದನ್ನು ದೂಡಿ ಬಿಸಾಡಬೇಕೆಂದು ಕಂಡಿತು.

ಸಂಜೆ ಹೆಡ್‌ಮಾಸ್ಟ್ರು ವೇಣುಗೋಪಾಲ ಸರ್ ಕರೆಸಿದರು. ಅವರ ಮೇಜಿನ ಮೇಲೆ ಮುಟ್ಟಾಳೆ ಇತ್ತು. ಒಂದು ಬದಿ ಹರಿದಿತ್ತು. ಅಶ್ವಿತಾಳನ್ನು ಮಾವ ಆಗಲೇ ಹೊತ್ತುಕೊಂಡು ಹೋಗಿದ್ದರು.

"ಇದು ಶಾಲೆ ಬಾಗಿ, ತೋಟ ಅಲ್ಲ," ಎಂದರು ಸರ್. "ಕೂಲಿಯವರ ಟೊಪ್ಪಿ ಹಾಕಿ ಮಕ್ಕಳು ಕ್ಲಾಸಿನಲ್ಲಿ ಕೂತ್ರೆ ನೋಡಿದವರು ಎಂತ ಹೇಳ್ಬೇಕು? ಯೂನಿಫಾರ್ಮ್ ಅಂತ ಒಂದು ಉಂಟಲ್ಲ?"

"ಸಮ್ಮೇದನ ಹೆಡ್‌ಫೋನು ಯೂನಿಫಾರ್ಮಾ ಸರ್?"

"ಅದು ಮೆಡಿಕಲ್."

"ಇದೂ ಅದಕ್ಕೇ ಸರ್. ಅದಿಲ್ಲದಿದ್ರೆ ಅವಳಿಗೆ ಆಗುದಿಲ್ಲ."

"ಅದನ್ನು ನೀನು ಹೇಳುದಾ, ಡಾಕ್ಟ್ರು ಹೇಳುದಾ? ತೆಗಿ ಅಂದದ್ದಕ್ಕೆ ಕಚ್ಚಿದ್ದಾಳೆ, ನೋಡು." ಅವರು ಅಂಗೈ ಮುಂದೆ ಹಿಡಿದರು. "ಮಂಡೆ ಸಮ ಆದ ಮೇಲೆ ಕಳಿಸು. ಅಲ್ಲಿವರೆಗೆ ಮನೆಯಲ್ಲಿರ್ಲಿ."

ಅವರ ಕೈಯಲ್ಲಿ ಎರಡು ಹಲ್ಲಿನ ಗುರುತಿತ್ತು. ನನ್ನ ಎಡಗೈ ಶಾಲಿನ ಒಳಗಿತ್ತು. ಹೊರಗೆ ತೆಗೆದು ತೋರಿಸಬೇಕೆಂದು ಕಂಡರೂ ತೋರಿಸಲಿಲ್ಲ. ಬಡವನ ಕೋಪ ದವಡೆಗೆ ಮೂಲ. ಹರಿದ ಟೊಪ್ಪಿ ಎತ್ತಿಕೊಂಡು ಬಂದೆ.

ಧಣಿಗಳ ಮನೆಯಲ್ಲಿ ಕೇಳಿದೆ. ಚಂದ್ರರಾಜ ಧಣಿಗಳು ಪೇಪರು ಓದುತ್ತಿದ್ದರು. ಒಳ್ಳೆಯ ಮಾತಿನವರು. ಯಾರನ್ನೂ ಗದರಿದ್ದು ನಾನು ಕೇಳಿಲ್ಲ.

"ಹೆಡ್‌ಮಾಸ್ಟ್ರ ಕೆಲ್ಸಕ್ಕೆ ನಾನು ಕೈ ಹಾಕುದು ಸರಿಯಲ್ಲ ಬಾಗಿ," ಎಂದರು. "ಒಬ್ಬರಿಗೆ ಬಿಟ್ರೆ ನಾಳೆ ಎಲ್ಲರೂ ಒಂದೊಂದು ಹಾಕ್ಕೊಂಡು ಬರ್ತಾರೆ. ಶಿಸ್ತು ಅಂತ ಬೇಕಲ್ಲ."

ಅಕ್ಷಯಕ್ಕನ ಕಣ್ಣಲ್ಲಿ ನೀರು ಬಂತು. ಅವರಿಗೆ ಬೇಗ ನೀರು ಬರುತ್ತದೆ. "ಪಾಪ ಮಗು. ಆದ್ರೆ ಬಾಗಿ, ಸಮ್ಮೇದನಿಗೆ ರಿಪೋರ್ಟ್ ಉಂಟು. ನಿನ್ನ ಮಗಳಿಗೆ ಅದೇ ಅಂತ ಯಾರು ಹೇಳಿದ್ದು? ಸುಮ್ಮನೆ ನಾವೇ ಹೆಸರಿಡ್ಬಾರ್ದು. ನೋಡುವ, ಅವನ ಹಳೆ ಹೆಡ್‌ಫೋನು ಎಲ್ಲಾದ್ರೂ ಉಂಟಾ ಹುಡುಕಿ ಕೊಡ್ತೇನೆ."

ಹಳೆಯ ಹೆಡ್‌ಫೋನು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಅಟ್ಟದ ಮೇಲೆ ಆಟದ ಸಾಮಾನಿನ ಡಬ್ಬದಲ್ಲಿ. ಇಟ್ಟವಳು ನಾನೇ. ಅವರು ಹುಡುಕಲಿಲ್ಲ. ನಾನು ಕದಿಯಲಿಲ್ಲ. ಕದಿಯಬೇಕೆಂದು ಕಂಡದ್ದು ಸುಳ್ಳಲ್ಲ.

ಅಂದಿನಿಂದ ಅಶ್ವಿತಾ ಮನೆಯಲ್ಲಿ. ಮಾವ ಹರಿದದ್ದನ್ನು ಹೊಲಿದು ಕೊಟ್ಟರು. ಬೆಳಿಗ್ಗೆ ಚೀಲ ಬೆನ್ನಿಗೆ ಹಾಕಿ, ಮುಟ್ಟಾಳೆ ಎಳೆದುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. "ಶಾಲೆ" ಎನ್ನುತ್ತಿದ್ದಳು. ಅವಳ ಹತ್ತಿರ ಇದ್ದ ಕೆಲವೇ ಮಾತುಗಳಲ್ಲಿ ಅದೂ ಒಂದು. ನಾನು ಅವಳನ್ನು ದಾಟಿ ಸಮ್ಮೇದನನ್ನು ಶಾಲೆಗೆ ಬಿಡಲು ಹೋಗಬೇಕಿತ್ತು. ನನ್ನ ಮಗಳು ಬಾಗಿಲಲ್ಲಿ, ಸ್ವಲ್ಪ ಹೊತ್ತಿಗೆ ನನ್ನ ಕೈಯಲ್ಲಿ ಅವರ ಮಗನ ಚೀಲ. ಅವನ ಬನಿಯನ್ ಹಿಂಡುವಾಗ ನನ್ನ ಕೈಗೆ ಬೇಕಾದ್ದಕ್ಕಿಂತ ಹೆಚ್ಚು ಬಲ ಬರುತ್ತಿತ್ತು. ಅವನ ಅನ್ನದ ಬಟ್ಟಲಿನ ಮುಂದೆ ಸಾಂಬಾರಿನ ಸೌಟು ಹಿಡಿದು ನಿಂತಾಗ ಒಮ್ಮೊಮ್ಮೆ ಕೈ ಹಾಗೇ ನಿಲ್ಲುತ್ತಿತ್ತು. ಒಂದು ಹನಿ ಸಾಕು. ಅವನೂ ಕೂಗಲಿ, ಊರೇ ಕೇಳಲಿ. ಬಡಿಸಲಿಲ್ಲ. ಮಗು ಏನು ಮಾಡಿತು? ಮಗು ಏನೂ ಮಾಡಿಲ್ಲ ಎಂಬುದೇ ನನ್ನ ಸಿಟ್ಟಿಗೆ ಜಾಗ ಇಲ್ಲದ ಹಾಗೆ ಮಾಡಿತ್ತು.

ಬೇಸಿಗೆ ಬಂತು. ಒಂದು ಶನಿವಾರ ಮಾವನಿಗೆ ರೇಶನ್ನಿಗೆ ಹೋಗಬೇಕಿತ್ತು. ಅಶ್ವಿತಾಳನ್ನು ನನ್ನ ಜೊತೆಗೇ ಧಣಿಗಳ ಮನೆಗೆ ಕರೆದುಕೊಂಡು ಹೋದೆ. ಒಳಗೆ ಅಲ್ಲ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂರಿಸಿದೆ. ಪಕ್ಕದ ಜಾಗದಲ್ಲಿ ಯಾರೋ ಹುಲ್ಲು ಕತ್ತರಿಸುವ ಮಿಷನ್ನು ಶುರು ಮಾಡಿದರು. ಸಮ್ಮೇದ್ ಒಳಗಿನಿಂದ ಓಡಿ ಬಂದ. ಸೆಕೆಗೆ ಹೆಡ್‌ಫೋನಿನ ಅಡಿಯಲ್ಲಿ ಅವನ ಕಿವಿ ಬೆವರಿ ಕೆಂಪಾಗಿತ್ತು. ಅದನ್ನು ಕಿತ್ತು ಅಂಗಳಕ್ಕೆ ಬಿಸಾಡಿದ. ಕೂಗಿದ. ಗೋಡೆಗೆ ತಲೆ ಬಡಿದ. ಆಮೇಲೆ ಅಶ್ವಿತಾಳನ್ನು ಕಂಡ. ಅವಳು ಮುಟ್ಟಾಳೆ ಹಾಕಿ ಸುಮ್ಮನೆ ಕೂತಿದ್ದಳು. ಅವನು ನೇರ ಹೋಗಿ ಅದನ್ನು ಅವಳ ತಲೆಯಿಂದ ಎಳೆದು ತನ್ನ ತಲೆಗೆ ಹಾಕಿದ. ಅವಳು ಮಾಡುವ ಹಾಗೆಯೇ ಎರಡು ಕೈಯಿಂದ ಕಿವಿಯ ಕೆಳಗೆ ಒತ್ತಿದ. ಸುಮ್ಮನಾದ.

ಕೂಗುವ ಸರದಿ ಈಗ ನನ್ನ ಮಗಳದ್ದು.

ಅಕ್ಷಯಕ್ಕ ಓಡಿ ಬಂದರು. ನನ್ನ ಮಗಳನ್ನು ನೋಡಲಿಲ್ಲ. ಮಗನನ್ನು ನೋಡಿದರು. "ಅಯ್ಯೋ, ನೋಡು, ಹೇಗೆ ಸುಮ್ಮನಾದ!" ಎಂದು ಫೋನು ತೆಗೆದು ವಿಡಿಯೋ ಮಾಡತೊಡಗಿದರು.

"ಅಕ್ಕ, ಅದು ಅವಳದ್ದು," ಎಂದೆ.

"ಒಂದು ದಿನ ಇರ್ಲಿ ಬಾಗಿ. ಈಗ ತೆಗೆದ್ರೆ ಪುನಃ ಶುರು ಮಾಡ್ತಾನೆ. ನಿಮ್ಮಲ್ಲಿ ಬೇರೆ ಇರ್ತದಲ್ಲ, ನಿನ್ನ ಮಾವನೇ ಮಾಡುದಲ್ವಾ?"

ಮಗಳನ್ನು ಮುಂದೆ ನಿಲ್ಲಿಸಿಕೊಂಡು, ನನ್ನ ಎರಡು ಅಂಗೈಯಿಂದ ಅವಳ ಕಿವಿ ಮುಚ್ಚಿ, ಬಗ್ಗಿ ಬಗ್ಗಿ ಮನೆಯವರೆಗೆ ನಡೆದೆ. ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಅವಳು ನನ್ನ ಹೊಟ್ಟೆಗೆ ಹಿಂತಲೆಯಿಂದ ಗುದ್ದಿದಳು. ಹೊಟ್ಟೆ ಹೇಗೂ ಉರಿಯುತ್ತಲೇ ಇತ್ತು. ಮನೆಗೆ ಮುಟ್ಟಿದಾಗ ಸೊಂಟ ನೆಟ್ಟಗಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಒಂದು ದಿನ ಎಂದದ್ದು ವಾಪಸು ಬರಲಿಲ್ಲ. ಬರುತ್ತದೆಂದು ಕಾದ ಅಶ್ವಿತಾಳಿಗೆ ಮನೆಯಲ್ಲಿ ಅಜ್ಜನ ದೊಡ್ಡ ಮುಟ್ಟಾಳೆಯೇ ಆಯಿತು. ಹಳೆಯ ಪಂಚೆಯ ತುಂಡು ಹೋಗಿ ಒಳಗೆ ಮಖಮಲ್ಲು ಬಂತು, ಅಂಚಿಗೆ ಜರಿ ಬಂತು. ಜೂನಿನಲ್ಲಿ ಶಾಲೆ ಶುರುವಾದಾಗ ಸಮ್ಮೇದ್ ಅದನ್ನೇ ಹಾಕಿಕೊಂಡು ಬಂದ. ಟೀಚರುಗಳೆಲ್ಲ ಸುತ್ತ ನೆರೆದರು. ಚಂದ, ಚಂದ ಎಂದರು. ವೇಣುಗೋಪಾಲ ಸರ್ ಅದನ್ನು ಮುಟ್ಟಿ ನೋಡಿದರು. ಎರಡನೇ ಕ್ಲಾಸಿನ ಹುಡುಗಿಯ ತಲೆಯಿಂದ ಅದನ್ನು ಎಳೆದ ಅದೇ ಕೈ. "ನಮ್ಮ ತುಳುನಾಡಿನ ಹಿರಿಯರ ಜ್ಞಾನ ನೋಡಿ," ಎಂದರು. "ಎಷ್ಟು ತಂಪು, ಎಷ್ಟು ಹಗುರ. ಫಾರಿನ್‌ನವರಿಗೆ ಇದೆಲ್ಲ ಗೊತ್ತುಂಟಾ?" ನಾನು ನೆಲದಲ್ಲಿ ಕೂತು ಕೇಳಿದೆ. ಕಾರು ಅವರದ್ದು. ಉಯ್ಯಾಲೆ ಅವರದ್ದು. ಆಟಿಸಂ ಎಂಬ ಹೆಸರೂ ಅವರದ್ದು. ಕೂಲಿಯವರ ಟೊಪ್ಪಿ ಒಂದು ನಮ್ಮದಿತ್ತು. ಅದನ್ನೂ ಬಿಡಲಿಲ್ಲ.

ಆ ಸಂಜೆಯೇ ಹೋಗಿ ಕೇಳಿದೆ. "ಸರ್, ಈಗ ಟೊಪ್ಪಿ ನಡೀತದಲ್ಲ. ನಾಳೆಯಿಂದ ಅಶ್ವಿತಾಳನ್ನು ಕಳಿಸ್ಲಾ?"

"ಅದು ಬೇರೆ, ಇದು ಬೇರೆ ಬಾಗಿ," ಎಂದರು.

"ಎಂತ ಬೇರೆ ಸರ್?"

ಅವರು ಫೋನು ಬಂದ ಹಾಗೆ ಮಾಡಿ ಆಚೆ ಹೋದರು.

ಜುಲೈಯಲ್ಲಿ ಶಾಲೆಯಲ್ಲಿ ಪೋಷಕರ ಸಭೆ ಇಟ್ಟರು. ಮಂಗಳೂರಿನಿಂದ ಮಕ್ಕಳ ಡಾಕ್ಟರಮ್ಮ ಬರುತ್ತಾರೆ ಎಂದರು. ವಿಷಯ, 'ವಿಶೇಷ ಮಕ್ಕಳನ್ನು ಅರ್ಥ ಮಾಡಿಕೊಳ್ಳೋಣ'. ಸಮ್ಮೇದನನ್ನು ವೇದಿಕೆಯ ಮೇಲೆ ಕೂರಿಸಬೇಕು, ಬಾಗಿ ಅವನ ಹಿಂದೆ ನಿಲ್ಲಬೇಕು. ಬಂದ ಅತಿಥಿಗಳಿಗೆ ಶಾಲು ಹಾರದ ಬದಲು ಒಂದೊಂದು ಮುಟ್ಟಾಳೆ ಕೊಡುವುದು. ಅಕ್ಷಯಕ್ಕ ನನ್ನನ್ನು ಕರೆದು, "ನಿನ್ನ ಮಾವನಿಗೆ ಹೇಳು, ಒಂದು ಹತ್ತು ಬೇಕು. ಚಂದ ಮಾಡ್ಲಿ," ಎಂದರು. ದುಡ್ಡು ಕೊಡುತ್ತೇವೆ ಎಂದೂ ಹೇಳಿದರು.

ಮಾವನಿಗೆ ಹೇಳಿದೆ. ಅವರು ಜಗಲಿಯಲ್ಲಿ ವೀಳ್ಯ ಜಗಿಯುತ್ತಿದ್ದರು. ಉಗುಳಿ ಬಂದು ಕೂತರು.

"ನನ್ನ ಅಪ್ಪ ಧಣಿಗಳ ಅಂಗಳಕ್ಕೆ ಹೋಗುವಾಗ ಮುಟ್ಟಾಳೆ ತೆಗೆದು ಕಂಕುಳಲ್ಲಿ ಇಡ್ತಿದ್ರು," ಎಂದರು. "ನಾನೂ ಇಟ್ಟಿದ್ದೇನೆ. ತಲೆಯಲ್ಲಿ ಇಟ್ಕೊಂಡು ಅವರ ಎದುರು ನಿಲ್ಲುವ ಹಾಗಿರ್ಲಿಲ್ಲ. ಈಗ ಅವರ ಪುಳ್ಳಿ ಸಮ್ಮೇದ್ ಹಾಕ್ತಾನೆ. ಹಾಕ್ಲಿ. ಮಗು. ಅದಕ್ಕೆ ಶಬ್ದ ಆಗುದಿಲ್ಲ. ಬೇಕಾದ್ರೆ ಅವನಿಗೆ ಇನ್ನೊಂದು ಮಾಡಿ ಕೊಡ್ತೇನೆ. ಆದ್ರೆ ನನ್ನ ಪುಳ್ಳಿ ತೆಗೀಬೇಕು, ಇವರ ನೆಂಟರ ಕೈಯಲ್ಲಿ ನನ್ನ ಮುಟ್ಟಾಳೆ ಇರಬೇಕು ಅಂದ್ರೆ, ಒಂದನ್ನೂ ಮಾಡುದಿಲ್ಲ. ಹಾಳೆ ಕೊಳೆತು ಹೋಗ್ಲಿ."

ಅಶ್ವಿತಾ ಚೀಲ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಸಂಜೆಯಾಗಿತ್ತು. ಅವಳಿಗೆ ಈಗ ಬೆಳಿಗ್ಗೆ ಸಂಜೆ ಎಂದಿರಲಿಲ್ಲ.

"ಮಾವ, ಒಂದು ಕೆಲ್ಸ ಮಾಡುವ," ಎಂದೆ. "ಒಂದು ಮಾಡಿ. ಹತ್ತು ಬೇಡ. ಅವಳಿಗೆ ಒಂದು. ಸಭೆಯ ದಿನ ಅವಳನ್ನು ಕರ್ಕೊಂಡು ಬನ್ನಿ. ನಿಮ್ಮದೂ ಹಾಕ್ಕೊಂಡೇ ಬನ್ನಿ."

ಮಾವ ನನ್ನನ್ನು ನೋಡಿದರು. "ನಿನ್ನ ಕೆಲ್ಸ ಹೋಗ್ತದೆ."

"ಹೋಗ್ಲಿ. ಬೀಡಿ ಕಟ್ಟುವ."

ಸಭೆಯ ದಿನ ಇಂಗ್ಲಿಷ್ ಕಟ್ಟಡದ ಹಾಲ್ ತುಂಬಿತ್ತು. ಬಾಗಿಲಲ್ಲೇ ಟೀಚರುಗಳು ನಿಂತು ಬಂದವರಿಗೆಲ್ಲ ಹೇಳುತ್ತಿದ್ದರು. ಚಪ್ಪಾಳೆ ಹೊಡೆಯಬೇಡಿ, ಫೋನು ಬಂದ್ ಮಾಡಿ, ಕುರ್ಚಿ ಎಳೆಯಬೇಡಿ, ದೊಡ್ಡ ಸ್ವರದಲ್ಲಿ ಮಾತಾಡಬೇಡಿ. ಮೆಚ್ಚಿಗೆಯಾದರೆ ಎರಡು ಕೈ ಮೇಲೆತ್ತಿ ಬೀಸಿದರೆ ಸಾಕು. ಸಮ್ಮೇದನಿಗೆ ಶಬ್ದ ಆಗುವುದಿಲ್ಲ. ಮೈಕಿನ ಸ್ವರ ಕೂಡ ಇಳಿಸಿಟ್ಟಿದ್ದರು. ಮಾವನಿಂದ ಹತ್ತು ಮುಟ್ಟಾಳೆ ಬಾರದ್ದಕ್ಕೆ ಅತಿಥಿಗಳಿಗೆ ಶಾಲು ಹಾರವೇ ಆಯಿತು. ಇಷ್ಟೊಂದು ಜನ ಒಂದು ಮಗುವಿನ ಕಿವಿಗೋಸ್ಕರ ಮೆಲ್ಲಗೆ ಉಸಿರಾಡುವುದನ್ನು ನಾನು ನೋಡುತ್ತ ನಿಂತೆ. ಚಂದವೇ ಇತ್ತು. ಅದಕ್ಕೇ ಹೊಟ್ಟೆ ಇನ್ನಷ್ಟು ಉರಿಯಿತು. ಹೀಗೂ ಇರಲು ಇವರಿಗೆ ಬರುತ್ತದೆ. ಬಾರದೆ ಇದ್ದದ್ದಲ್ಲ.

ಸಮ್ಮೇದ್ ವೇದಿಕೆಯ ನಡುವಿನ ಕುರ್ಚಿಯಲ್ಲಿ, ಜರಿಯ ಮುಟ್ಟಾಳೆಯಲ್ಲಿ. ನಾನು ಅವನ ಹಿಂದೆ. ಅಕ್ಷಯಕ್ಕ ಮಾತಾಡಿದರು. ಮಗ ಸುಮ್ಮನಾದ ಆ ಶನಿವಾರದ ಕತೆ ಹೇಳಿದರು. ಹಿತ್ತಿಲು ಬಂತು, ಹುಲ್ಲಿನ ಮಿಷನ್ನು ಬಂತು. ಟೊಪ್ಪಿ ಎಲ್ಲಿಂದ ಬಂತು ಎಂದು ಬರಲಿಲ್ಲ. "ಅಲ್ಲೇ ಒಂದು ಮುಟ್ಟಾಳೆ ಇತ್ತು" ಎಂದರು. ಹಾಲಿನಲ್ಲಿ ಕೈಗಳೆಲ್ಲ ಮೇಲೆದ್ದು ಬೀಸಿದವು. ಡಾಕ್ಟರಮ್ಮ ಮೆಚ್ಚಿ ತಲೆಯಾಡಿಸಿದರು. "ಇಂಥ ಮಕ್ಕಳು ಹಠ ಮಾಡುವುದಲ್ಲ, ಅವರಿಗೆ ನೋವಾಗುತ್ತದೆ. ನೋವು ಕಮ್ಮಿ ಮಾಡುವುದು ಯಾವುದೇ ಇರಲಿ, ಅದನ್ನು ಕಿತ್ತುಕೊಳ್ಳಬೇಡಿ," ಎಂದರು. ವೇಣುಗೋಪಾಲ ಸರ್ ಎಲ್ಲರಿಗಿಂತ ಮೇಲೆ ಕೈ ಎತ್ತಿ ಬೀಸಿದರು.

ಅದೇ ಹೊತ್ತಿಗೆ ಹಿಂದಿನ ಬಾಗಿಲಲ್ಲಿ ಮಾವ ಕಂಡರು. ತಲೆಯಲ್ಲಿ ಮುಟ್ಟಾಳೆ. ಕೈಯಲ್ಲಿ ಅಶ್ವಿತಾಳ ಕೈ. ಅವಳ ತಲೆಯಲ್ಲೂ ಮುಟ್ಟಾಳೆ, ಬೆನ್ನಿಗೆ ಚೀಲ.

ನಾನು ಸಮ್ಮೇದನ ಭುಜದಿಂದ ಕೈ ತೆಗೆದು ಅಕ್ಷಯಕ್ಕನ ಹತ್ತಿರ ಹೋದೆ. "ಅಕ್ಕ, ನೀವು ಅವನ ಪಕ್ಕ ಕೂತ್ಕೊಳ್ಳಿ. ತಲೆ ಒರಗಿಸ್ಲಿಕ್ಕೆ ಬಿಡಿ."

"ನೀನು ಎಲ್ಲಿಗೆ?"

"ಪೋಷಕರ ಸಭೆ ಅಲ್ವಾ? ನಾನೂ ಪೋಷಕಿ."

ಕೆಳಗೆ ಇಳಿದೆ. ಮೂರನೆಯ ಸಾಲಿನಲ್ಲಿ ಖಾಲಿ ಕುರ್ಚಿಗಳಿದ್ದವು. ಆ ಶಾಲೆಯಲ್ಲಿ ನಾನು ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಅಶ್ವಿತಾಳನ್ನು ತೊಡೆಯ ಮೇಲೆ ಕೂರಿಸಿಕೊಂಡೆ. ಮಾವ ಪಕ್ಕದಲ್ಲಿ ಕೂತರು. ಟೊಪ್ಪಿ ತೆಗೆಯಲಿಲ್ಲ. ಹಿಂದಿನ ಸಾಲಿನವರು ಪಿಸುಗುಟ್ಟತೊಡಗಿದರು.

ವೇಣುಗೋಪಾಲ ಸರ್ ಕಾಲ್ಬೆರಳಿನ ಮೇಲೆ ನಡೆದು ಬಂದರು. ಮುಖ ಕೆಂಪಾಗಿತ್ತು. ಬಾಯಿ ತೆರೆದರು, ವೇದಿಕೆಯ ಕಡೆ ನೋಡಿದರು, ಸ್ವರ ಇಳಿಸಿದರು. ಸಮ್ಮೇದ್ ಇರುವ ಸಭೆ. ಬೊಬ್ಬೆ ಹಾಕುವ ಹಾಗಿಲ್ಲ. ನನ್ನನ್ನು ಬೈಯುವುದಾದರೂ ಮೆಲ್ಲಗೆ ಬೈಯಬೇಕು. ನನಗೆ ನಗು ಬಂತು, ನಗಲಿಲ್ಲ.

"ಎಂತ ಇದು ಬಾಗಿ? ಅತಿಥಿಗಳು ಇದ್ದಾರೆ. ಆ ಟೊಪ್ಪಿ ತೆಗೆಸು."

"ಯಾರದ್ದು ಸರ್?" ಎಂದು ನಾನೂ ಮೆಲ್ಲಗೇ ಕೇಳಿದೆ. "ಇಲ್ಲಿ ಮೂವರ ತಲೆಯಲ್ಲಿ ಉಂಟು."

ಅವರು ಮೂರನೆಯದನ್ನು ಹುಡುಕಿ ಪುನಃ ವೇದಿಕೆಯ ಕಡೆ ತಿರುಗಿದರು. ವೇದಿಕೆಯಿಂದ ಡಾಕ್ಟರಮ್ಮ ನಮ್ಮನ್ನು ನೋಡುತ್ತಿದ್ದರು. "ಆ ಮಗು ಯಾವ ಕ್ಲಾಸು?" ಎಂದು ಕೇಳಿದರು.

"ಮೂರನೇ ಕ್ಲಾಸು ಮೇಡಂ," ಎಂದೆ. ಹಾಲು ಅಷ್ಟು ನಿಶ್ಶಬ್ದ ಇತ್ತು, ಮೈಕು ಬೇಕಾಗಲಿಲ್ಲ. "ಹೆಸರು ಬರೀತಾಳೆ. ಆದ್ರೆ ಶಾಲೆಗೆ ಬಿಡುದಿಲ್ಲ. ಇಂಥ ಟೊಪ್ಪಿ ಹಾಕಿದ್ದಾಳೆ ಅಂತ ಕಿತ್ತು ಮನೆಗೆ ಕಳಿಸಿದ್ರು. ಅಲ್ಲಿ ಕೂತಿರುವ ಮಗುವಿನ ತಲೆಯಲ್ಲಿ ಇರುದು ಇವಳದ್ದೇ ಟೊಪ್ಪಿ."

ಯಾರೂ ಕೈ ಬೀಸಲಿಲ್ಲ. ಅಕ್ಷಯಕ್ಕನ ಕೈ ಸಮ್ಮೇದನ ಭುಜದ ಮೇಲೆ ಹಾಗೇ ನಿಂತಿತು. ಸಮ್ಮೇದ್ ಹಿಂದೆ ತಿರುಗಿ ನೋಡಿದ. ನಾನಿರಲಿಲ್ಲ. ಕುರ್ಚಿಯಿಂದ ಎದ್ದ. "ಬಾಗಿ" ಎಂದ. ಎಷ್ಟೋ ತಿಂಗಳಲ್ಲಿ ಅವನು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ನನ್ನ ಕರುಳು ಎಳೆಯಿತು. ಹೊಟ್ಟೆಕಿಚ್ಚು ಇರುವ ಜಾಗದಲ್ಲೇ ಅದೂ ಇದೆ, ಏನು ಮಾಡುವುದು?

"ಬಾಗಿ, ಮಗು ಕರೀತಾ ಉಂಟು," ಎಂದರು ಚಂದ್ರರಾಜ ಧಣಿಗಳು ಮುಂದಿನ ಸಾಲಿನಿಂದ ತಿರುಗಿ. ಅವರ ಸ್ವರ ಎಂದಿನ ಹಾಗೆ ಮೆತ್ತಗಿತ್ತು.

"ನನ್ನ ಮಗು ಇಲ್ಲೇ ಉಂಟು ಧಣಿ," ಎಂದೆ. "ನಾಳೆಯಿಂದ ಇವಳಿಗೂ ಕ್ಲಾಸಿನಲ್ಲಿ ಜಾಗ ಕೊಡಿ, ಟೊಪ್ಪಿ ಇರ್ಲಿ, ಆಮೇಲೆ ಅವನನ್ನೂ ನೋಡ್ಕೊಳ್ತೇನೆ. ಇಲ್ಲದಿದ್ರೆ ಇಲ್ಲ."

ಸಮ್ಮೇದ್ ಇನ್ನೊಮ್ಮೆ ಕರೆದ. ನಾನು ಏಳಲಿಲ್ಲ. ಏಳದೆ ಇರಲು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿಯಬೇಕಾಯಿತು.

ವೇಣುಗೋಪಾಲ ಸರ್ ನನ್ನ ಕಿವಿಯ ಹತ್ತಿರ ಬಗ್ಗಿದರು. ಅವರ ಹಣೆಯಿಂದ ಬೆವರು ಇಳಿಯುತ್ತಿತ್ತು. "ಬಾಗಿ, ಮರ್ಯಾದೆಯ ಪ್ರಶ್ನೆ. ಏಳು ಮಾರಾಯ್ತಿ. ಹೊರಗೆ ಹೋಗಿ ಮಾತಾಡುವ."

ನಾನು ಅಶ್ವಿತಾಳನ್ನು ತೊಡೆಯಿಂದ ಇಳಿಸಿ, ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದೆ.

"ಹೊರಗೆ ಇದ್ದದ್ದು ಸಾಕು ಸರ್," ಎಂದೆ. "ಒಳಗೇ ಮಾತಾಡುವ."